ಹೊರಗಿನಿಂದ ಬೀಗ

ಮರೆವು ಶುರುವಾದ ಮೇಲೆ ಮಾವ ಎರಡು ಸಲ ದಾರಿ ತಪ್ಪಿದರು. ಮೊದಲ ಸಲ ಕೊತ್ತಂಬರಿ ಸೊಪ್ಪು ತರಲು ಇಳಿದವರನ್ನು ಪಕ್ಕದ ಹೌಸಿಂಗ್ ಸೊಸೈಟಿಯ ವಾಚ್‌ಮನ್ ಕರೆತಂದ. ಎರಡನೆಯ ಸಲ ಮುಂಬ್ರಾ ಸ್ಟೇಷನ್ನಿನಿಂದ ಫೋನ್ ಬಂತು. ಅಂಗಿಯ ಜೇಬಿನಲ್ಲಿ ನಾನು ಬರೆದಿಟ್ಟಿದ್ದ ಚೀಟಿ ನೋಡಿ ಯಾರೋ ಕಾಲೇಜು ಹುಡುಗಿ ಮಾಡಿದ್ದಳು. ನಾವು ಹೋದಾಗ ಮಾವ ಬೆಂಚಿನ ಮೇಲೆ ಕೂತು ವಡಾಪಾವ್ ತಿನ್ನುತ್ತಿದ್ದರು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಡೊಂಬಿವಲಿಗೆ ವಾಪಸಾಗುವ ಲೋಕಲ್ಲಿನಲ್ಲಿ ನನ್ನ ಗಂಡ ಆಡಿದ್ದು ಒಂದೇ ಮಾತು: "ಸೇಫ್ಟಿ ಡೋರ್ ಹಾಕಿಸುವ."

ಮಾವ ಉಡುಪಿ ಕಡೆಯವರು. ಠಾಣೆ ಊರಿನ ಒಂದು ಹೋಟೆಲಿನಲ್ಲಿ ಮೇಜು ಒರೆಸುವ ಕೆಲಸದಿಂದ ಗಲ್ಲಾಪೆಟ್ಟಿಗೆಯವರೆಗೆ ಬಂದವರು. ಮಗನ ಜೊತೆ ತುಳು, ಮೈಸೂರಿನ ಸೊಸೆಯಾದ ನನ್ನ ಜೊತೆ ಕನ್ನಡ. ಗಂಡ ದಿನವೂ ಐರೋಲಿಯ ಆಫೀಸಿಗೆ ಹೋಗುತ್ತಾರೆ. ನನಗೆ ವಾರದಲ್ಲಿ ಎರಡು ದಿನ ಠಾಣೆಯ ಆಫೀಸು. ಮಾವನನ್ನು ನೋಡಿಕೊಳ್ಳುವ ಹೆಂಗಸು, ಇಲ್ಲಿಯವರ ಮಾತಿನಲ್ಲಿ ‘ಬಾಯಿ’, ಮಧ್ಯಾಹ್ನ ಎರಡಕ್ಕೆ ಹೊರಟರೆ, ನಾನು ಮನೆ ಮುಟ್ಟುವಾಗ ಐದಾಗುತ್ತಿತ್ತು. ಆ ಮೂರು ಗಂಟೆಗಾಗಿ ನಮಗೆ ಮನೆಬಾಗಿಲ ಹೊರಗೆ ಇನ್ನೊಂದು ಕಬ್ಬಿಣದ ಸರಳಿನ ಬಾಗಿಲು ಬೇಕಿತ್ತು.

ಉಲ್ಹಾಸನಗರದಿಂದ ಬಂದ ಒಬ್ಬ ತನ್ನ ಮೊಬೈಲಿನಲ್ಲಿ ನವಿಲು, ಸಿಂಹಗಳ ಡಿಸೈನುಗಳನ್ನೇ ತೋರಿಸಿದ. ಇನ್ನೊಬ್ಬ ಅಳತೆ ತೆಗೆದುಕೊಂಡು ಹೋದವನು ಮತ್ತೆ ಫೋನ್ ಎತ್ತಲಿಲ್ಲ. ಮೂರನೆಯವರು ಕಲ್ಯಾಣದ ಫ್ಯಾಬ್ರಿಕೇಟರ್, ಕಬ್ಬಿಣದ ಗ್ರಿಲ್ ಮಾಡುವವರು, ಐವತ್ತು ದಾಟಿದವರು. ನಾನು ತಂಗಿಯ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ ಮುಖ ಅರಳಿಸಿದರು. "ಅಕ್ಕಾರ, ನಾವೂ ಬಿಜಾಪುರ ಕಡೇದವ್ರ ರೀ."

ಚೌಕಟ್ಟಿಗೆ ಟೇಪು ಹಿಡಿಯುತ್ತ ಕೇಳಿದರು. "ಕೀಲಿ ಯಾವ ಕಡೆ ಹಚ್ಚೂದ್ರಿ?"

"ಹೊರಗಿನಿಂದ."

"ಒಳಗ?"

"ಒಳಗೆ ಏನೂ ಬೇಡ."

ಅವರು ಒಳಗೆ ಕಣ್ಣು ಹಾಯಿಸಿದರು. ಮಾವ ಕುರ್ಚಿಯಲ್ಲಿ ಕೂತು ಹಳೆಯ ಪೇಪರು ಮಡಚುತ್ತಿದ್ದರು. ಟೇಪು ಸುತ್ತಿಕೊಳ್ಳುತ್ತ ಅವರು ದನಿ ತಗ್ಗಿಸಿದರು. "ಮಾಡಿ ಕೊಡ್ತೀನಿ, ಒಲ್ಲೆ ಅನ್ನಂಗಿಲ್ಲ. ಆದ್ರ ಒಳಗ ಮನುಷ್ಯಾರ ಇರ್ತಾರಲ್ರೀ. ಒಂದೀಟು ವಿಚಾರ ಮಾಡ್ರಿ."

"ನಮ್ಮನೆ ಕಷ್ಟ ನಮಗೆ ಗೊತ್ತು. ನಾನು ಹೇಳಿದ ಹಾಗೆ ಮಾಡ್ಕೊಡಿ," ಎಂದೆ. ಬೇಕಾದುದಕ್ಕಿಂತ ಗಡುಸಾಗಿಯೇ ಹೇಳಿದೆ.

ಬಾಗಿಲು ಕೂರಿಸುವ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಳಿಗ್ಗೆಯಿಂದ ಕೆಲಸದವರ ಜೊತೆಗೇ ನಿಂತರು. "ಇವರಿಗೆ ಚಾ ಕೊಡು ಮಾರಾಯ್ತಿ, ಖಾಲಿ ಹೊಟ್ಟೆಯಲ್ಲಿ ಕೆಲಸ ಮಾಡಿಸಬಾರದು," ಎಂದು ನನ್ನನ್ನು ಎರಡು ಸಲ ಅಡುಗೆಮನೆಗೆ ಅಟ್ಟಿದರು. ಕಬ್ಬಿಣದ ಸರಳುಗಳನ್ನು ಹಿಡಿದು ಅಲುಗಾಡಿಸಿ ನೋಡಿ, "ಗಟ್ಟಿ ಉಂಟು," ಎಂದು ಮೆಚ್ಚಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಎಂತಕ್ಕೆ ಇದು? ಇಲ್ಲಿ ಕಳ್ಳರ ಉಪದ್ರ ಉಂಟಾ?"

"ಹೌದು ಮಾವ."

ಫ್ಯಾಬ್ರಿಕೇಟರ್ ಕೈಯಲ್ಲಿದ್ದ ಡ್ರಿಲ್ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು.

ಎರಡಕ್ಕೆ ಹೊರಡುವಾಗ ಬೀಗ ಹಾಕಲು ಬಾಯಿಗೆ ಒಂದು ಕೀಲಿಕೈ ಕೊಟ್ಟಿದ್ದೆ. ಅವಳು ಬರುವುದು ತಡವಾಗಿ, ನಾನೇ ಬೀಗ ಹಾಕಿಕೊಂಡು ಹೊರಟ ಮೊದಲ ದಿನ ಮೆಟ್ಟಿಲ ತಿರುವಿನವರೆಗೂ ಮಾವ ನನ್ನನ್ನು ಕರೆಯುತ್ತಿದ್ದರು. ತಿರುಗಿ ನೋಡಿದರೆ ರೈಲು ತಪ್ಪುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಇಳಿದೆ. ಅಕ್ಕಪಕ್ಕದವರಿಗೆ ಆ ಬೀಗ ತಾನಾಗಿಯೇ ಬೀಳುತ್ತದೆ ಎಂದು ಸುಳ್ಳು ಹೇಳಿದ್ದೆ. ಎದುರು ಮನೆಯಲ್ಲಿ ನಿವೃತ್ತ ಶಾಲಾ ಟೀಚರ್ ಒಬ್ಬರಿದ್ದಾರೆ, ಮರಾಠಿಯವರು. ಬಿಲ್ಡಿಂಗಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಒಂದು ಕೀಲಿಕೈ ತಮ್ಮ ಬಳಿಯೂ ಇರಲಿ ಎಂದು ಅವರಾಗಿಯೇ ಕೇಳಿದರು. ಬೇಡ ಕಾಕು, ನಾನು ಬೇಗ ಬಂದುಬಿಡುತ್ತೇನೆ ಎಂದು ತಪ್ಪಿಸಿಕೊಂಡೆ. ಕೀಲಿಕೈ ಕೊಟ್ಟರೆ ಮುದುಕರನ್ನು ಕೂಡಿಹಾಕುತ್ತೇವೆ ಎಂದು ನನ್ನ ಬಾಯಿಂದಲೇ ಒಪ್ಪಿಕೊಂಡ ಹಾಗಾಗುತ್ತಿತ್ತು.

ಮಳೆ ಹಿಡಿದ ಮೊದಲ ವಾರದಲ್ಲೇ ಅದಾಯಿತು. ಠಾಣೆಯಿಂದ ಬಂದು ಶೇರ್ ರಿಕ್ಷಾ ಇಳಿದರೆ ಬಿಲ್ಡಿಂಗಿನವರೆಲ್ಲ ಗೇಟಿನ ಬಳಿ ನಿಂತಿದ್ದಾರೆ. ಮೀಟರ್ ರೂಮಿನಲ್ಲಿ ವೈರು ಸುಟ್ಟು ಮೆಟ್ಟಿಲ ತುಂಬ ಹೊಗೆ. ಲಿಫ್ಟ್ ಬಂದ್. ಯಾರೋ ತಡೆಯಲು ಕೈ ಹಿಡಿದರು, ಕೊಡವಿಕೊಂಡು ಓಡಿದೆ. ಮೂಗಿಗೆ ದುಪಟ್ಟಾ ಒತ್ತಿಕೊಂಡು ನಾಲ್ಕು ಮಹಡಿ ಹತ್ತಿದೆ.

ನಮ್ಮ ಬಾಗಿಲ ಮುಂದೆ, ನೆಲದ ಮೇಲೆ, ಕಾಕು ಕೂತಿದ್ದರು. ಮಹಡಿಯ ಉಳಿದವರೆಲ್ಲ ಇಳಿದು ಹೋಗಿದ್ದರು. ಸರಳುಗಳ ನಡುವೆ ಅವರು ತೂರಿಸಿದ್ದ ಬೆರಳುಗಳನ್ನು ಮಾವ ಒಳಗಿನಿಂದ ಹಿಡಿದುಕೊಂಡಿದ್ದರು. ಕಾಕುವಿಗೆ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕೀಲಿಕೈ ಎರಡು ಸಲ ಕೆಳಗೆ ಬಿತ್ತು.

"ನಿಧಾನ, ನಿಧಾನ. ಗಡಿಬಿಡಿ ಎಂತ?" ಎಂದರು ಮಾವ. "ಇವರಿಗೆ ಒಂದು ಗ್ಲಾಸು ನೀರು ಕೊಡುವ ಅಂದ್ರೆ ನನಗೆ ಬಾಗಿಲು ತೆಗೀಲಿಕ್ಕೇ ಆಗ್ಲಿಲ್ಲ."

ಇಬ್ಬರನ್ನೂ ಹೇಗೋ ಕೆಳಗಿಳಿಸಿದೆ. ಹೊಗೆ ಅರ್ಧ ಗಂಟೆಯಲ್ಲಿ ಇಳಿಯಿತು, ಯಾರಿಗೂ ಏನೂ ಆಗಲಿಲ್ಲ. ಕಾಕು ವಾಚ್‌ಮನ್ನನ ಸ್ಟೂಲಿನ ಮೇಲೆ ಕೂತು ನೀರು ಕುಡಿದರು. ಆಮೇಲೆ ನನ್ನನ್ನು ನೋಡಿ, "ಮೀ ಚಾವಿ ಮಾಗಿತಲೀ ಹೋತೀ ನಾ?" ಎಂದರು. ಕೀಲಿಕೈ ಕೇಳಿದ್ದೆನಲ್ಲ ಎಂದಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲೇ, ಎಲ್ಲರ ಎದುರಿಗೆ, ನನಗೆ ಅಳು ಬಂತು.

ಅಂದು ಸಂಜೆಯೇ ಫ್ಯಾಬ್ರಿಕೇಟರಿಗೆ ಫೋನ್ ಮಾಡಿದೆ. ಮಾರನೆಯ ಬೆಳಿಗ್ಗೆ ಬಂದರು. ನಾ ಹೇಳಿದ್ದೆ ನೋಡ್ರಿ ಎನ್ನಲಿಲ್ಲ. ಬೀಗದ ಪೆಟ್ಟಿಗೆಯನ್ನು ಕತ್ತರಿಸಿ ತೆಗೆದು, ಎರಡೂ ಕಡೆಯಿಂದ ತೆಗೆಯಲು ಬರುವ ಚಿಲಕವೊಂದನ್ನು ಎತ್ತರದಲ್ಲಿ ಕೂರಿಸಿದರು. ಬಾಗಿಲು ಅಲುಗಿದರೆ ಎದುರು ಮನೆಗೂ ಕೇಳುವಂಥ ಒಂದು ಗಂಟೆ ಕಟ್ಟಿದರು. ಸಾಮಾನು ಚೀಲಕ್ಕೆ ತುಂಬುವಾಗ, ನನ್ನ ಮುಖ ನೋಡದೆ ಹೇಳಿದರು. "ನಮ್ಮವ್ವನೂ ಹಿಂಗ ಇದ್ಲರೀ. ನಾವು ಆಕೀನ ಹಗ್ಗಾ ಹಾಕಿ ಕಟ್ಟಿದ್ವಿ." ನಾನು ಚಹಾ ತರಲು ಒಳಗೆ ಹೋದೆ.

ಬಾಯಿಯನ್ನು ಈಗ ಐದರವರೆಗೆ ಉಳಿಸಿಕೊಂಡಿದ್ದೇವೆ. ಆದರೂ ಮಾವ ಮಧ್ಯಾಹ್ನವಾದರೆ ಸರಳು ಹಿಡಿದು ನಿಂತುಬಿಡುತ್ತಾರೆ. ಚಿಲಕಕ್ಕೆ ಕೈ ಹಾಕುವುದಿಲ್ಲ, ಗಂಟೆ ಒಮ್ಮೆಯೂ ಬಾರಿಸಿಲ್ಲ. ಕಾಣುತ್ತಿಲ್ಲವೇನೋ ಎಂದುಕೊಂಡು ಒಂದು ಭಾನುವಾರ ಅವರ ಕೈ ಹಿಡಿದೆತ್ತಿ ತೋರಿಸಿದೆ. "ನೋಡಿ ಮಾವ, ಇದನ್ನ ಹೀಗೆ ಎಳೆದರೆ ಆಯ್ತು, ತೆಗೀಬಹುದು."

ಅವರು ಮೆಲ್ಲಗೆ ಕೈ ಬಿಡಿಸಿಕೊಂಡರು. ಒಳಗೆ ನನ್ನ ಗಂಡ ಟಿವಿ ನೋಡುತ್ತಿದ್ದ ಕೋಣೆಯ ಕಡೆಗೊಮ್ಮೆ ನೋಡಿದರು.

"ಬೇಡ," ಎಂದರು, ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ. "ನಾನು ಹೊರಗೆ ಹೋಗಬಾರದು ಅಂತ ತಾನೇ ನೀವು ಇದು ಹಾಕಿಸಿದ್ದು? ಅವನು ಬೈತಾನೆ."

ಈ ಮಾತನ್ನು ಗಂಡನಿಗೆ ನಾನು ಇನ್ನೂ ಹೇಳಿಲ್ಲ.