ಅವ್ವಾರ ಅಂದಿದ್ದಕ್ಕೆ ಮುಖ ಎತ್ತಿಸಲು ಹೊರಟೆ

ಹೋದ ವರ್ಷದ ಮಾವಿನ ಸುಗ್ಗಿ. ನಮ್ಮ ಶ್ರೀನಿವಾಸಪುರದ ಬ್ಯಾಂಕಿಗೆ ಹೊಸದಾಗಿ ಬಂದಿದ್ದ ವಿಜಯಪುರದ ಆಫೀಸರ್ ಒಬ್ಬ ನನ್ನ ಟೈಲರ್ ಅಂಗಡಿಗೆ ಪ್ಯಾಂಟ್ ತಂದ. "ಅವ್ವಾರ, ಇದನ್ನ ಸ್ವಲ್ಪ ಗಿಡ್ಡ ಮಾಡಿ ಕೊಡ್ರಿ" ಅಂದ.

ನಾನು ಹುಟ್ಟಿದ್ದು ಆಂಧ್ರದ ಗಡಿಗೆ ಹತ್ತಿರದ ರಾಯಲ್ಪಾಡಿನಲ್ಲಿ. ನಮ್ಮ ಮನೆಯ ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ನನಗಿನ್ನೂ ಐವತ್ತು ತುಂಬಿಲ್ಲ. ಮಕ್ಕಳಿಲ್ಲದ ನನ್ನನ್ನು ಊರೆಲ್ಲ ಅಕ್ಕ ಎಂದೇ ಕರೆಯುವುದು. ಅಂಥದ್ದರಲ್ಲಿ ಮೀಸೆ ಬಂದ ಗಂಡಸಿಗೆ ನಾನು ಅಜ್ಜಿಯೇ? ಅವನು ಹೋದಮೇಲೆ ಕನ್ನಡಿಯ ಮುಂದೆ ನಿಂತೆ. ಕೆನ್ನೆ ಜೋತುಬಿದ್ದಿತ್ತು, ಗದ್ದದ ಕೆಳಗೂ ಸಡಿಲ. ಅಳುವೇ ಬಂತು. ಆದರೆ ನಾನು ಅಳುತ್ತಾ ಕೂರುವವಳಲ್ಲ. ಸಡಿಲವಾದದ್ದನ್ನು ಬಿಗಿ ಮಾಡುವುದೇ ನನ್ನ ಕಸುಬು.

ಮುಂದಿನ ವಾರವೇ ಮುಳಬಾಗಿಲಿನ ತಂಗಿ ಭಾಗ್ಯಳನ್ನು ಜೊತೆಗೆ ಕರೆದುಕೊಂಡು ಕೋಲಾರಕ್ಕೆ, ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೊರಟೆ.

"ಅಕ್ಕಾ, ನಿಂಗೇನ್ ತಲೆ ಕೆಟ್ಟಿದ್ಯಾ?" ಎಂದು ದಾರಿಯುದ್ದಕ್ಕೂ ಗೊಣಗಿದಳು.

"ಸುಮ್ನೆ ಬಾರೇ. ಮುಖ ನಂದು" ಅಂದೆ.

ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು. ಚರ್ಮದೊಳಗೆ ದಾರ ಹಾಕಿ ಎಳೆಯುವುದು ಒಂದು ಬಗೆ. ಕೊಯ್ಯುವುದೇನೂ ಇಲ್ಲ, ಆದರೆ ಬಹಳ ಕಾಲ ನಿಲ್ಲುವುದೂ ಇಲ್ಲ. ಕಚ್ಚಾ ಹೊಲಿಗೆ ಅಂದುಕೊಂಡೆ. ಮಿನಿ ಲಿಫ್ಟ್ ಎಂದರೆ ಕಿವಿಯ ಮುಂದೆ ಚಿಕ್ಕದಾಗಿ ಕೊಯ್ದು ಕೆನ್ನೆ ಸರಿಮಾಡುವುದು. ಕುತ್ತಿಗೆಯ ಸಡಿಲಕ್ಕೆ ಅದು ಸಾಲದಂತೆ. ಪೂರ್ತಿ ಫೇಸ್‌ಲಿಫ್ಟ್‌ನಲ್ಲಿ ಕಿವಿಯ ಹಿಂದಿನವರೆಗೂ ಕೊಯ್ದು, ಚರ್ಮದ ಕೆಳಗಿನ ಪದರವನ್ನೂ ಎತ್ತಿ ಹೊಲಿಯುತ್ತಾರೆ. ಬಾವು ಇಳಿಯಲು ವಾರಗಳೇ ಬೇಕು, ಆದರೆ ವರ್ಷಗಟ್ಟಲೆ ನಿಲ್ಲುತ್ತದೆ.

"ಬರೀ ಚರ್ಮ ಎಳೆದ್ರೆ ಮುಖ ಬಿಗಿದುಕೊಂಡಂಗೆ ಕಾಣುತ್ತೆ" ಅಂದರು.

"ಗೊತ್ತಾಯ್ತು ಮೇಡಂ. ಲೈನಿಂಗ್ ಬಿಟ್ಟು ಮೇಲ್ಬಟ್ಟೆ ಮಾತ್ರ ಹಿಡಿದ್ರೆ ಬ್ಲೌಸ್ ಕೆಟ್ಟೋಗುತ್ತೆ. ನಂಗೆ ಪೂರ್ತಿನೇ ಮಾಡಿಬಿಡಿ!"

ಅವರು ನಕ್ಕು, ಮೊದಲು ರಕ್ತ ಪರೀಕ್ಷೆ ಮಾಡಿಸಿ ಎಂದು ಕಳಿಸಿದರು.

ಅಲ್ಲಿ ನನಗಿಂತ ಮುಂದೆ ಒಂದು ಪುಟ್ಟ ಹುಡುಗಿ ಸೂಜಿ ನೋಡಿ ಚೀರುತ್ತಿತ್ತು. "ಅಳಬ್ಯಾಡ ನನ್ನವ್ವಾ, ಕೈ ಕೊಡವ್ವಾ" ಎಂದು ನರ್ಸ್ ರಮಿಸುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. "ಏನಮ್ಮಾ, ಇಷ್ಟು ಪುಟ್ಟ ಮಗೂನ ಅವ್ವ ಅಂತೀಯಲ್ಲ?"

"ನಾವು ವಿಜಯಪುರದ ಕಡೆಯವ್ರು ರೀ. ನಮ್ಮಲ್ಲಿ ಅವ್ವ ಅಂದ್ರ ತಾಯಿ. ಪ್ರೀತಿ ಬಂದ್ರ ಸಣ್ಣ ಹುಡುಗ್ಯಾರಿಗೂ ಅಂತೀವಿ."

ಭಾಗ್ಯ ನನ್ನ ಮುಖ ನೋಡಿದಳು. "ಥೂ ನಿನ್ನ! ಅಮ್ಮಾ ಅಂದಿದ್ದಕ್ಕೆ ಮುಖ ಕುಯ್ಸಕ್ ಬಂದಿದ್ಯೇನೇ?" ಎಂದು ಬಿದ್ದುಬಿದ್ದು ನಕ್ಕಳು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ. ಡಾಕ್ಟರಮ್ಮನ ಹತ್ತಿರ ವಾಪಸ್ ಹೋಗಿ, "ಸದ್ಯಕ್ಕೆ ಬೇಡ ಮೇಡಂ. ನಂಗೇ ಬೇಕು ಅನ್ನಿಸಿದ ದಿನ ಬರ್ತೀನಿ, ಆಗ್ಲೂ ಲೈನಿಂಗ್ ಸಮೇತ" ಎಂದು ಹೇಳಿ ಬಂದೆ.

ಸಿಟ್ಟಿಗೆ ಆ ಪ್ಯಾಂಟನ್ನು ಮುಟ್ಟಿಯೇ ಇರಲಿಲ್ಲ. ಅಂಗಡಿಗೆ ಬಂದವಳೇ ಮೊದಲು ಅದನ್ನು ಹೊಲಿದೆ. ಸಂಜೆ ಅವನು ಬಂದು ನೋಡಿ, "ಭಾಳ ಚಲೋ ಆಗೇತ್ರಿ ಅವ್ವಾರ" ಅಂದ.

"ಇನ್ನೊಂದ್ಸಲ ಅನ್ನಪ್ಪಾ" ಅಂದೆ.

ಪಾಪ, ನಾನು ಪ್ಯಾಂಟಿನ ಬಗ್ಗೆ ಕೇಳಿದೆ ಅಂದುಕೊಂಡು ಅವನು, "ಚಲೋ ಆಗೇತ್ರಿ" ಅಂತಷ್ಟೇ ಅಂದ.