ಕ್ಯಾಂಪರಿನಲ್ಲಿ ಅರವತ್ತು ಕೆಜಿ ಜಾಸ್ತಿ

ಕಳೆದ ಶನಿವಾರ ನನ್ನನ್ನು ತೂಕಕ್ಕೆ ಹಾಕಿದರು.

ಜಿಮ್ಮಿನಲ್ಲಲ್ಲ, ಆಸ್ಪತ್ರೆಯಲ್ಲೂ ಅಲ್ಲ. ಅಕ್ಸ್‌ಬ್ರಿಡ್ಜ್ ದಾಟಿದ ಮೇಲೆ ಜಲ್ಲಿ, ಮರಳು ಮಾರುವ ಒಂದು ಯಾರ್ಡ್ ಇದೆ. ಅಲ್ಲಿ ಲಾರಿಗಳನ್ನು ತೂಗುವ ವೇಬ್ರಿಡ್ಜ್ ಇದೆ. ಅದರ ಮೇಲೆ ನಮ್ಮ ಪಿಕಪ್ ಟ್ರಕ್, ಟ್ರಕ್ಕಿನ ಬೆನ್ನ ಮೇಲೆ ನಮ್ಮ ಕ್ಯಾಂಪರ್, ಮುಂದಿನ ಸೀಟುಗಳಲ್ಲಿ ನಾನು ಮತ್ತು ನನ್ನ ಗಂಡ, ಹಿಂದೆ ಹದಿನಾರು ವರ್ಷದ ಮಗಳು ಮೇಘಾ. ಯಾರ್ಡಿನ ಮುದುಕ ಕೈಯಲ್ಲಿ ಟೀ ಮಗ್ ಹಿಡಿದುಕೊಂಡು ಬಂದು, ಕಿಟಕಿಗೆ ಬಗ್ಗಿ, "ಸಿಕ್ಸ್ಟಿ ಕಿಲೋಸ್ ಓವರ್, ಮೇಟ್" ಅಂದ.

ಗಾಡಿ ಹೊರಬಹುದಾದ ಭಾರಕ್ಕಿಂತ ಅರವತ್ತು ಕೆಜಿ ಜಾಸ್ತಿ. ಹಾಗೇ ರಸ್ತೆಗಿಳಿದರೆ ಪೊಲೀಸರು ಹಿಡಿಯುತ್ತಾರೆ, ಏನಾದರೂ ಆದರೆ ಇನ್ಶೂರೆನ್ಸಿನವರು ಕೈ ಎತ್ತುತ್ತಾರೆ.

ಗಂಡ ಒಮ್ಮೆ ಹಿಂದಿನ ಕ್ಯಾಂಪರನ್ನು ನೋಡಿದರು. ಒಮ್ಮೆ ಮಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. (ನನ್ನ ತೂಕ ಅರವತ್ತೆರಡು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.) ಆ ನೋಟದ ಅರ್ಥ ಹೇಳುವ ಮುಂಚೆ, ಈ ಗಾಡಿ ನಮ್ಮ ಮನೆಗೆ ಹೇಗೆ ವಕ್ಕರಿಸಿತು ಅನ್ನುವುದನ್ನು ಹೇಳಿಬಿಡುತ್ತೇನೆ.

ನಾವಿರುವುದು ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿ. ನಮ್ಮ ಮನೆಯವರು ಗಿರೀಶ್, ಧಾರವಾಡದವರು, ಮೂಳೆ ಡಾಕ್ಟರು. ನಾನು ಮೈಸೂರಿನವಳು, ಜಿಪಿ. ಅಂದರೆ ಇಬ್ಬರೂ ಡಾಕ್ಟರೇ. ಇಬ್ಬರೂ ಸಂಜೆ ಏಳಕ್ಕೆ ಸುಸ್ತಾಗಿಯೇ ಮನೆ ಸೇರುವುದು. ಸೇರಿದ ಮೇಲೆ ಒಬ್ಬರು ಸೋಫಾಕ್ಕೆ, ಇನ್ನೊಬ್ಬರು ಒಲೆ ಮುಂದಕ್ಕೆ. ಯಾರು ಎಲ್ಲಿಗೆ ಅಂತ ಬಿಡಿಸಿ ಹೇಳಬೇಕೇ?

ಈ ವರ್ಷ ಏನೋ ಪುಣ್ಯ, ಇಬ್ಬರಿಗೂ ಒಂದೇ ವಾರ ರಜೆ ಸಿಕ್ಕಿತು. ನನಗೆ ಬೇಕಿದ್ದದ್ದು ಒಂದೇ. ಏಳು ದಿನ ಯಾರೂ ನನ್ನನ್ನು "ಇವತ್ತೇನು ಅಡುಗೆ?" ಅಂತ ಕೇಳಬಾರದು. ಬೆಟ್ಟ ಬೇಡ, ಸರೋವರ ಬೇಡ, ಫೋಟೋ ಬೇಡ. ಆ ಒಂದು ಪ್ರಶ್ನೆ ಕಿವಿಗೆ ಬೀಳದ ಏಳು ಬೆಳಗು ಸಾಕು. ಜಾಸ್ತಿ ಕೇಳಿದೆನೇ?

"ಯಾವುದಾದರೂ ಹೋಟೆಲ್ ಬುಕ್ ಮಾಡೋಣ ರೀ" ಅಂದೆ.

"ಹೋಟೆಲಿಗೆ ಎಲ್ಲಾರೂ ಹೋಗ್ತಾರ" ಅಂದರು ನಮ್ಮವರು. "ನಾವು ಒಂದು ಕ್ಯಾಂಪರ್ ತಗೊಂಡು ಲೇಕ್ ಡಿಸ್ಟ್ರಿಕ್ಟಿಗೆ ಹೋಗೂಣು. ಎಲ್ಲೆ ಮನಸ್ಸು ಬರತೈತಿ ಅಲ್ಲೆ ನಿಲ್ಲೂದು. ಅಡಿಗಿ ಗಿಡಿಗಿ ಏನೂ ಇಲ್ಲ. ಬ್ರೆಡ್ಡು, ಬೆಣ್ಣಿ, ಹಣ್ಣು. ಮುಗೀತು."

ನಾನು ನಂಬಿದೆ. ಇಪ್ಪತ್ತೊಂದು ವರ್ಷ ಸಂಸಾರ ಮಾಡಿಯೂ ನಂಬಿದೆ ಅಂದರೆ ತಪ್ಪು ನನ್ನದೇ.

ಬಂತು ಕ್ಯಾಂಪರ್. ಪಿಕಪ್ ಟ್ರಕ್ಕಿನ ಹಿಂದೆ ಸಾಮಾನು ತುಂಬುವ ಜಾಗದಲ್ಲಿ ಕೂರಿಸುವ ದೊಡ್ಡ ಪೆಟ್ಟಿಗೆ. ಓಡುವಾಗ ಚಾವಣಿ ಕೆಳಗಿರುತ್ತದೆ. ನಿಂತಾಗ ಮೇಲಕ್ಕೆ ತಳ್ಳಿದರೆ ಸುತ್ತ ಕ್ಯಾನ್ವಾಸಿನ ಗೋಡೆ ಬಿಚ್ಚಿಕೊಂಡು ತಲೆ ಎತ್ತಿ ನಿಲ್ಲುವಷ್ಟು ಜಾಗ ಆಗುತ್ತದೆ. ಹೇಳಲು ಚೆನ್ನಾಗಿದೆ ಅಲ್ಲವೇ? ನಮ್ಮದಕ್ಕೆ ಮಗಳಿಗಿಂತ ದುಪ್ಪಟ್ಟು ವಯಸ್ಸು. ಬಾಗಿಲು ತೆಗೆದರೆ ಒದ್ದೆ ಕಾಲುಚೀಲದ ವಾಸನೆ. ಜತೆಗೆ ಇನ್ನೊಂದು ವಿಷಯ, ನಮ್ಮ ಹತ್ತಿರ ಪಿಕಪ್ ಟ್ರಕ್ಕೇ ಇರಲಿಲ್ಲ. ಪೆಟ್ಟಿಗೆ ಬಂದ ಮೇಲೆ ಅದಕ್ಕೊಂದು ಟ್ರಕ್ ಹುಡುಕಿದರು.

ಮೇಘಾ ಒಳಗೆ ಒಮ್ಮೆ ಇಣುಕಿ, "ಡ್ಯಾಡ್, ಇಟ್ಸ್ ಅ ಶೆಡ್" ಅಂದಳು.

"ಮ್ಯಾಲಿಂದು ನೋಡಬ್ಯಾಡ. ಅಸ್ಥಿಪಂಜರ ಗಟ್ಟಿ ಐತಿ" ಅಂದರು ಮೂಳೆ ಡಾಕ್ಟರು. ಆ ಭಾನುವಾರವೇ ಒಳಗಿನ ಹಲಗೆ ಕಿತ್ತು ನೋಡಿದರೆ ಚೌಕಟ್ಟಿನ ಮರ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಕೈಯಲ್ಲೇ ಪುಡಿಯಾಯಿತು.

ಇಷ್ಟಾದ ಮೇಲೆ ಬುದ್ಧಿ ಇರುವವರು ಬಿಟ್ಟುಬಿಡುತ್ತಾರೆ. ಆದರೆ ದಿನಾ ಜನರ ತೊಡೆಗೆ ಸ್ಕ್ರೂ ಹಾಕುವವರಿಗೆ ಪ್ಲೈವುಡ್ ಯಾವ ಲೆಕ್ಕ? ಮನೆ ಮುಂದಿನ ಡ್ರೈವ್‌ವೇ ಆಪರೇಷನ್ ಥಿಯೇಟರ್ ಆಯಿತು. ನಾಲ್ಕು ತಿಂಗಳು ಎಲ್ಲ ವೀಕೆಂಡೂ ಡ್ರಿಲ್ಲಿನ ಸದ್ದು. ಹೊಸ ಮರ, ಹೊಸ ಹಲಗೆ, ಎಲ್ಲವೂ ಬೇಕಾದ್ದಕ್ಕಿಂತ ಎರಡರಷ್ಟು ದಪ್ಪ. ಕ್ಯಾನ್ವಾಸ್ ಹರಿದಿತ್ತು. "ಹೊಲಿಗಿ ಹಾಕೂದು ನನಗ ಹೇಳಿಕೊಡ್ತೀರೇನು?" ಅಂತ ತಾವೇ ಕೂತು ಹೊಲಿದರು. ಹೊಲಿಗೆ ಬಹಳ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮೊದಲ ಮಳೆಗೇ ಸೂಜಿ ಹಾಕಿದ ಒಂದೊಂದು ತೂತಿನಿಂದಲೂ ನೀರು ಜಿನುಗಿತು. ಚರ್ಮವಾದರೆ ತಾನಾಗಿ ಕೂಡಿಕೊಳ್ಳುತ್ತದೆ. ಕ್ಯಾನ್ವಾಸಿಗೆ ಆ ವಿದ್ಯೆ ಗೊತ್ತಿಲ್ಲ ಅಂತ ಸರ್ಜನ್ನರಿಗೆ ಆ ದಿನ ತಿಳಿಯಿತು.

ಅಲ್ಲಿಯವರೆಗೂ ನಾನು ಪಕ್ಕದಲ್ಲಿ ಕೂತು ನಗುತ್ತಿದ್ದೆ. ನಗು ನಿಂತದ್ದು ವೆಂಬ್ಲಿಯ ಒಂದು ಊಟದಲ್ಲಿ.

ಕನ್ನಡದವರೆಲ್ಲ ಸೇರಿದ್ದೆವು. ನಮ್ಮವರು ಫೋನಿನಲ್ಲಿ ಕ್ಯಾಂಪರಿನ ಫೋಟೋ ತೋರಿಸಿದರು. ಅಷ್ಟೇ, ಗಂಡಸರೆಲ್ಲ ಸುತ್ತುವರಿದರು. ಗ್ಯಾಸ್ ಒಲೆ ಒಂದಲ್ಲ, ಎರಡು ಇರಲಿ. ಐದು ಲೀಟರಿನ ಕುಕ್ಕರ್ ಇರಲಿ. ಮಿಕ್ಸಿ ಇಲ್ಲದೆ ಚಟ್ನಿ ಹೇಗೆ? ಪ್ಲಾಸ್ಟಿಕ್ ಡಬ್ಬಿ ಬೇಡ, ಸ್ಟೀಲೇ ಇರಲಿ. ವಿಜಯಪುರದ ಶಿವಾನಂದ, ನಮ್ಮವರ ಗೆಳೆಯ, ಎಲ್ಲರನ್ನೂ ಮೀರಿಸಿದ. "ವೈನಿ, ನೀವೇನೂ ಕಾಳಜಿ ಮಾಡಬ್ಯಾಡ್ರಿ. ರೊಟ್ಟಿ ಹಂಚು ನಾ ಕೊಡ್ತೀನಿ. ಮನ್ಯಾಗ ಗ್ರೈಂಡರೂ ಸುಮ್ನ ಕುಂತೈತಿ, ಅದೂ ಒಯ್ಯಿರಿ" ಅಂದ.

ವೈನಿಗೆ ಏನು ಕಾಳಜಿ ಇತ್ತು ಅಂತ ಯಾರಾದರೂ ಕೇಳಿದರೇ? ಹೆಂಗಸರು ಮಾತ್ರ ಒಂದೇ ಪ್ರಶ್ನೆ ಕೇಳಿದರು. "ಟಾಯ್ಲೆಟ್ ಇದೆಯಾ?" ಅದಕ್ಕೆ ಉತ್ತರ ಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ.

ನಮ್ಮ ಜನದ ಪ್ರವಾಸವೇ ಹೀಗೆ ನೋಡಿ. ಸಾವಿರಾರು ಮೈಲಿ ದಾಟಿ ಬಂದು ನೆಲೆಸುತ್ತೇವೆ, ಪರವಾಗಿಲ್ಲ. ಆದರೆ ಮನೆಯಿಂದ ಮುನ್ನೂರು ಮೈಲಿ ಆಚೆ ಸಾರು ಸಿಗುವುದಿಲ್ಲ ಅಂದರೆ ಎದೆ ಝಲ್ಲೆನ್ನುತ್ತದೆ. ಸ್ಕಾಟ್ಲೆಂಡಿನ ಬೆಟ್ಟಕ್ಕೆ ಬೆನ್ನು ಮಾಡಿ, ಬೂಟ್ ತೆಗೆದು, ಬಟ್ಟೆ ಹಾಸಿ, ಪುಳಿಯೋಗರೆ ಡಬ್ಬಿ ಬಿಚ್ಚಿದಾಗಲೇ ನಮಗೆ ಊರು ನೋಡಿದ ಸಮಾಧಾನ. ಆ ಪುಳಿಯೋಗರೆ ಕಲಸಲು ಬೆಳಗಿನ ನಾಲ್ಕಕ್ಕೆ ಯಾರು ಎದ್ದರು ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ. ಅವಳು ಅಲ್ಲೂ ಬಡಿಸುತ್ತಿರುತ್ತಾಳೆ.

ಆಮೇಲೆ ಕಲ್ಲು ಬಂತು.

ಪಕ್ಕದ ಬೀದಿಯಲ್ಲಿ ಯಾರೋ ಅಡುಗೆಮನೆ ಕೆಡವಿಸುತ್ತಿದ್ದರು. ಅವರು ಎಸೆಯಲಿದ್ದ ಕಪ್ಪು ಗ್ರಾನೈಟಿನ ಕಟ್ಟೆಯನ್ನು ನಮ್ಮವರೂ ಶಿವಾನಂದನೂ ಏದುಸಿರು ಬಿಡುತ್ತ ಹೊತ್ತು ತಂದರು. ಕ್ಯಾಂಪರಿನೊಳಗೆ ಒಂದು ಬದಿಯ ಉದ್ದಕ್ಕೂ ಕೂರಿಸಿದರು. ಅಂಟು ಹಾಕಿ, ಕೆಳಗೆ ಕಪಾಟು ಕಟ್ಟಿ, ಸಿಂಕಿಗೆ ತೂತು ಕೊರೆದು, ಒಲೆ ಬಿಗಿದು, ಒರೆಸಿ ನನ್ನನ್ನು ಕರೆದರು. ಓಡಾಡುವ ಗಾಡಿಯಲ್ಲಿ, ಅದೂ ಬಟ್ಟೆಯ ಗೋಡೆಯ ಗಾಡಿಯಲ್ಲಿ, ಗ್ರಾನೈಟ್ ಕಟ್ಟೆ! ಇಂಗ್ಲಿಷರು ಇಂಥದಕ್ಕೆ ಕಾಗದದಷ್ಟು ತೆಳು ಹಲಗೆ ಹಾಕುತ್ತಾರೆ. ನಮಗೆ ಅಡುಗೆಮನೆ ಅಂದರೆ ಕಲ್ಲಿರಲೇಬೇಕು.

"ನಿನಗ ಚಪಾತಿ ಲಟ್ಟಸಾಕ ಛಲೋ ಆಗತೈತಿ" ಅಂದರು. ಮುಖದಲ್ಲಿ ನಿಜವಾದ ಪ್ರೀತಿ ಇತ್ತು. ಬೈಯಲೂ ಬಾಯಿ ಬರಲಿಲ್ಲ.

"ಬ್ರೆಡ್ಡು, ಬೆಣ್ಣೆ ಅಂದಿದ್ರಲ್ಲ?"

"ಅದು ಇದ್ದs ಇರತೈತಿ. ಇದು ಸುಮ್ನ, ಬೇಕಾದ್ರ ಇರಲಿ ಅಂತ."

ಬೇಕಾದರೆ ಇರಲಿ ಅಂತ ಹೊರಟ ಸಾಮಾನು ಯಾವುದಾದರೂ ಖಾಲಿ ಕೂತದ್ದುಂಟೇ? ಜೋಳದ ಹಿಟ್ಟು ಹತ್ತು ಕೆಜಿ ಬಂತು. ಅಕ್ಕಿ ಬಂತು. ಈಲಿಂಗ್ ರೋಡಿನ ಇಂಡಿಯನ್ ಅಂಗಡಿಗಳಿಂದ ಬೇಳೆ, ಮೆಣಸಿನಕಾಯಿ, ಹಪ್ಪಳ ಬಂದವು. ಗ್ರೈಂಡರಿಗೆ ಮೂಲೆಯಲ್ಲಿ ಒಂದು ಪ್ರತ್ಯೇಕ ಗೂಡೇ ತಯಾರಾಯಿತು. ಹೊರಡುವ ಹಿಂದಿನ ದಿನ, ಫಿಸಿಕ್ಸ್ ಓದುವ ಮಗಳಿಗೆ ಅನುಮಾನ ಬಂದು, "ಡ್ಯಾಡ್, ಹ್ಯಾವ್ ಯು ಈವನ್ ಚೆಕ್ಡ್ ದ ವೆಯ್ಟ್?" ಅಂದಳು. ಹಾಗೆ ನಾವು ಆ ಯಾರ್ಡಿಗೆ ಹೋದದ್ದು.

ಅರವತ್ತು ಕೆಜಿ ಇಳಿಸಬೇಕು. ವೇಬ್ರಿಡ್ಜಿನ ಪಕ್ಕ ಗಾಡಿ ನಿಲ್ಲಿಸಿ ಮೀಟಿಂಗ್ ನಡೆಯಿತು.

"ಕಲ್ಲು ತೆಗೀರಿ" ಅಂದೆ. ತೆಗೆಯಲು ಬರುವುದಿಲ್ಲ, ಅದರ ಮೇಲೂ ಕೆಳಗೂ ಎಲ್ಲ ಕಟ್ಟಿಯಾಗಿದೆ. ಗ್ರೈಂಡರ್? ಶಿವಾನಂದ ಬೇಜಾರು ಮಾಡಿಕೊಳ್ಳುತ್ತಾನೆ. ನೀರಿನ ಟ್ಯಾಂಕ್ ಖಾಲಿ ಮಾಡೋಣವೇ? ಅಕ್ಕಿ ತೊಳೆಯಲು ನೀರು ಬೇಕಲ್ಲ. ಅಕ್ಕಿ? ಅಕ್ಕಿ ಬಿಟ್ಟು ಹೋದರೆ ಕುಕ್ಕರ್ ಯಾತಕ್ಕೆ? ಒಂದೊಂದು ಸಾಮಾನಿನ ಪರವಾಗಿಯೂ ನಮ್ಮವರು ಲಾಯರ್ ಥರ ವಾದ ಮಾಡಿದರು. ಯಾರೂ ವಾದ ಮಾಡದೆ ಉಳಿದದ್ದು ನಾನೊಬ್ಬಳೇ.

"ಒಂದ್ ಕೆಲಸ ಮಾಡು" ಅಂದರು ಮೆಲ್ಲಗೆ. "ನೀ ಟ್ರೇನಿಗೆ ಬಾ. ಆರಾಮ ಕುಂತು ಬರಬಹುದು. ನಾವು ಗಾಡಿ ತಗೊಂಡು ಬರ್ತೀವಿ. ಅಲ್ಲೆ ಮುಟ್ಟಿದಮ್ಯಾಲೆ ಎಲ್ಲಾ ರೆಡಿ ಇರತೈತಿ, ನೀ ಬಂದು ಬರೇ ಒಲಿ ಹಚ್ಚೂದು."

ನನಗೆ ಸಿಟ್ಟು ಬಂತು. ಸ್ವಲ್ಪ ನಗುವೂ ಬಂತು, ಆದರೆ ಸಿಟ್ಟೇ ಜಾಸ್ತಿ. ಅದರ ಕೆಳಗೆ ಇನ್ನೊಂದು ಇತ್ತು, ಬೇಸರ. ಹಿಟ್ಟಿನ ಚೀಲಕ್ಕೆ ಸೀಟಿದೆ, ನನಗಿಲ್ಲ ಅಂದಾಗ ಆಗುವ ಬೇಸರಕ್ಕೆ ನನ್ನ ಕ್ಲಿನಿಕ್ಕಿನಲ್ಲಿ ಮಾತ್ರೆ ಇಲ್ಲ.

"ಮಮ್, ದಟ್ಸ್ ಔಟ್‌ರೇಜಸ್" ಅಂದಳು ಮೇಘಾ ಹಿಂದಿನಿಂದ.

"ಇರಲಿ ಬಿಡು ಪುಟ್ಟಿ" ಅಂದೆ. "ಟ್ರೇನಿಗೆ ಹೋಗ್ತೀನಿ."

ನಮ್ಮವರ ಮುಖ ಅರಳಿತು. "ನೋಡು, ನಿನ್ನಂಥಾಕಿ ಸಿಗೂದಿಲ್ಲ. ಟಿಕೆಟ್ ಮಾತ್ರ ನೀನs ಬುಕ್ ಮಾಡ್ಕೊ" ಅಂದರು.

ಮಾಡಿಕೊಂಡೆ. ಎಷ್ಟು ಹೊತ್ತಿನ ಟ್ರೇನು ಅಂತ ಕೇಳಿದರು, ಹೇಳಿದೆ. ಸ್ಟೇಷನ್ ಯಾವುದು ಅಂತ ಕೇಳಿದರು, ಯೂಸ್ಟನ್ ಅಂದೆ. ಇಳಿಯುವುದು ಎಲ್ಲಿ ಅಂತ ಯಾರೂ ಕೇಳಲಿಲ್ಲ. ಗೊತ್ತೇ ಇದೆಯಲ್ಲ ಅಂದುಕೊಂಡರು.

ಭಾನುವಾರ ಯೂಸ್ಟನ್ನಿನಿಂದ ಲೇಕ್ ಡಿಸ್ಟ್ರಿಕ್ಟಿನದಲ್ಲ, ವೇಲ್ಸ್ ಕಡೆಗೆ ಹೋಗುವ ಟ್ರೇನು ಹತ್ತಿ ಕೂತೆ. ಟ್ರೇನು ಹೊರಟ ಮೇಲೆ ಮನೆಯ ವಾಟ್ಸಾಪ್ ಗ್ರೂಪಿಗೆ ಬರೆದೆ: "ನಾನು ಸಮುದ್ರದ ಕಡೆ ಹೋಗುತ್ತಿದ್ದೇನೆ. ಗಾಡಿಯ ತೂಕ ಈಗ ಸರಿಯಾಗಿದೆ. ಕ್ಷೇಮವಾಗಿ ಹೋಗಿ ಬನ್ನಿ." ಗಂಡನಿಂದ ಎಂಟು ಮಿಸ್ಡ್ ಕಾಲ್ ಬಂದವು. ಮಗಳಿಂದ ಒಂದು ಚಪ್ಪಾಳೆಯ ಚಿತ್ರ ಬಂತು.

ಈ ಅಂಕಣ ಬರೆಯುತ್ತಿರುವುದು ಸಮುದ್ರ ಕಾಣುವ ಒಂದು ಸಣ್ಣ ಬಿ ಅಂಡ್ ಬಿ ಕೋಣೆಯಲ್ಲಿ. ಮೊದಲ ದಿನ ಬೆಳಗ್ಗೆ ಮನೆಯೊಡತಿ ಬಂದು, ತಿಂಡಿಗೆ ಏನು ಬೇಕು ಅಂತ ಕೇಳಿದಳು. ಮೇಘಾಳಿಗೆ ಏನಿಷ್ಟ, ಇವರಿಗೆ ಏನಿಷ್ಟ, ಶಿವಾನಂದನಿಗೆ ಎಷ್ಟು ಖಾರ ಬೇಕು, ಎಲ್ಲ ಬಾಯಿಗೆ ಬಂತು. ನನಗೇನು ಬೇಕು ಅನ್ನುವುದನ್ನು ಮಾತ್ರ ಹುಡುಕಬೇಕಾಯಿತು. ಆಕೆ ಪಾಪ, ಪೆನ್ನು ಹಿಡಿದು ಕಾದಳು. ಕೊನೆಗೆ ಅಣಬೆ, ಟೋಸ್ಟ್, ಎರಡು ಕಪ್ ಕಾಫಿ ಅಂದೆ. ಯಾರೋ ಮಾಡಿದ್ದನ್ನು ಬಿಸಿಬಿಸಿ ತಿಂದೆ.

ಅತ್ತ ಲೇಕ್ ಡಿಸ್ಟ್ರಿಕ್ಟಿನ ವರದಿ ಮಗಳಿಂದ ಬರುತ್ತಿದೆ. ಗ್ರಾನೈಟ್ ನೋಡಲು ಕ್ಯಾಂಪ್‌ಸೈಟಿನವರೆಲ್ಲ ಬಂದಿದ್ದರಂತೆ. ಒಬ್ಬರು ಕಟ್ಟೆ ತಟ್ಟಿ ನೋಡಿ, ಇದರ ಮೇಲೆ ಏನು ಅಡುಗೆ ಮಾಡುತ್ತೀರಿ ಅಂತ ವಿಚಾರಿಸಿದರಂತೆ. ಡ್ಯಾಡ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದರಂತೆ.

ಸೋಮವಾರ ಸಂಜೆ ಕೊನೆಗೂ ಫೋನ್ ಎತ್ತಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಹವೆಯ ಬಗ್ಗೆ ಹೇಳಿದರು, ಚಾವಣಿ ಸೋರಿದ್ದನ್ನು ಹೇಳಿದರು. ಆಮೇಲೆ ದನಿ ಸಣ್ಣದು ಮಾಡಿ, "ಬಂದುಬಿಡು. ಇಲ್ಲೆ ನಿನ್ನ ಜಾಗಾ ಖಾಲಿ ಐತಿ" ಅಂದರು.

"ಯಾವ ಜಾಗ ರೀ? ಸೀಟಿನದೋ, ಒಲೆ ಮುಂದಿನದೋ?" ಅಂದೆ.

ಇವತ್ತು ಗುರುವಾರ, ಉತ್ತರ ಇನ್ನೂ ಬಂದಿಲ್ಲ.