ಅಕ್ಕನ ಚೈನಿಗೆ ನನ್ನ ಭಾರ

ನಮ್ಮಕ್ಕನ ಶೆಡ್ಡಿನಲ್ಲಿ ನನಗಿದ್ದದ್ದು ಒಂದೇ ಕೆಲಸ, ಕೂತುಕೊಳ್ಳುವುದು. ನಗಬೇಡಿ. ಅಕ್ಕ ರೇಸಿನ ಕ್ವಾಡ್ ಬೈಕುಗಳ ಮೆಕ್ಯಾನಿಕ್. ನಾಲ್ಕು ದಪ್ಪ ಚಕ್ರದ ಆ ಗಾಡಿಗಳು ಮಣ್ಣಿನ ದಿಬ್ಬದಿಂದ ಹಾರಿ ಬೀಳುವಾಗ ನೋಡುವವರ ಜೀವ ಬಾಯಿಗೆ ಬರುತ್ತದೆ. ಅಕ್ಕ ಮಾತ್ರ ನೋಡುವುದು ಚೈನನ್ನು. ಇಂಜಿನ್ ಎಷ್ಟೇ ಅಬ್ಬರಿಸಲಿ, ಅದರ ಶಕ್ತಿ ಹಿಂದಿನ ಚಕ್ರಕ್ಕೆ ತಲುಪುವುದು ಆ ಚೈನಿನಿಂದಲೇ.

ಅಕ್ಕನಿಗೆ ಐವತ್ತೆರಡು. ಅಪ್ಪನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಲೇ ಬೆಳೆದವಳು. ಭಾವ ತೀರಿಕೊಂಡ ಮೇಲೆ ಅಂಗಡಿ ಹಿಂದಿನ ಶೆಡ್ಡನ್ನೇ ಗ್ಯಾರೇಜು ಮಾಡಿಕೊಂಡು ಮಗಳನ್ನು ಸಾಕಿದಳು. ಉಗುರಿನ ಸಂದಿಯ ಗ್ರೀಸು ಮದುವೆಮನೆಗೂ ಅವಳ ಜೊತೆಗೇ ಬರುತ್ತದೆ. ಬಾಯಿಯಂತೂ ಕೇಳಲೇಬೇಡಿ.

"ಗಾಡೀನ ಸ್ಟ್ಯಾಂಡ್ ಮೇಲೆತ್ತಿ, ಚಕ್ರ ನೇತಾಡ್ತಿರುವಾಗ ಚೈನ್ ಬಿಗಿ ಮಾಡೋನು ಮೆಕ್ಯಾನಿಕ್ ಅಲ್ಲ ಕಣೋ, ಯಮನ ತಮ್ಮ" ಎನ್ನುತ್ತಾಳೆ.

ಅವಳು ಹೇಳುವುದರಲ್ಲಿ ಅರ್ಥವಿದೆ. ಭಾರ ಬಿದ್ದು ಗಾಡಿ ಕುಗ್ಗಿದಾಗ ಚೈನ್ ಇನ್ನೂ ಬಿಗಿಯಾಗುತ್ತದೆ. ಮೊದಲೇ ಬಿಗಿ ಇದ್ದರೆ ಆಗ ತುಂಡಾಗುತ್ತದೆ. ಹಾಗಾಗಿ ಭಾರ ಹೇರಿ ಗಾಡಿಯನ್ನು ಕುಗ್ಗಿಸಿ, ಆಗಲೂ ಚೈನ್ ಎರಡು ಬೆರಳಿನಷ್ಟು ಅಲ್ಲಾಡುವ ಹಾಗೆ ಬಿಡಬೇಕು. ಆ ಭಾರವೇ ನಾನು. ನೂರಾ ಹದಿನೆಂಟು ಕಿಲೋ! ನಾನು ಸೀಟಿನ ಮೇಲೆ ಕೂತರೆ ಸ್ಪ್ರಿಂಗುಗಳು ಕಿರ್ರೆಂದು ನರಳಿ, ಗಾಡಿ ಅಕ್ಕನಿಗೆ ಬೇಕಾದಷ್ಟೇ ಕೆಳಗಿಳಿಯುತ್ತಿತ್ತು. "ನನ್ ತಮ್ಮನ್ನ ದೇವರು ಅಳತೆ ಮಾಡೇ ಕಳ್ಸಿದಾನೆ" ಎಂದು ಅಕ್ಕ ಬಂದವರ ಮುಂದೆಲ್ಲ ಹೇಳುವಳು. ನಾನು ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆಯುವವನು. ಅಲ್ಲಿ ನನ್ನ ಬಗ್ಗೆ ಯಾರೂ ಹೀಗೆ ಹೇಳುವುದಿಲ್ಲ. ಆ ಮಾತು ಕೇಳಲೆಂದೇ ಹನ್ನೊಂದು ವರ್ಷ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಕಳೆದ ತಿಂಗಳ ರೇಸಿನಲ್ಲಿ ಅಕ್ಕನ ಮಗಳು ಎರಡನೇ ಸ್ಥಾನದಲ್ಲಿದ್ದಳು. ಕೊನೆಯ ಸುತ್ತಿನಲ್ಲಿ ದೊಡ್ಡ ದಿಬ್ಬದಿಂದ ಹಾರಿ ನೆಲಕ್ಕೆ ಬಿದ್ದದ್ದೇ ತಡ, ಚೈನ್ ಫಟ್ ಎಂದು ತುಂಡಾಯಿತು. ಪುಣ್ಯಕ್ಕೆ ಹುಡುಗಿಗೆ ಏನೂ ಆಗಲಿಲ್ಲ. ತಂಡದ ಯಜಮಾನ ಬಂದು, "ಇನ್ನೊಂದ್ಸಲ ಹೀಗಾದ್ರೆ ಬೇರೆ ಮೆಕ್ಯಾನಿಕ್ ನೋಡ್ಕೋತೀನಮ್ಮಾ, ಬೇಜಾರ್ ಮಾಡ್ಕೋಬೇಡಿ" ಎಂದ. ಅಕ್ಕ ತುಂಡಾದ ಚೈನನ್ನು ಶೆಡ್ಡಿಗೆ ತಂದು ಒಂದೊಂದೇ ಕೊಂಡಿ ನೋಡಿದಳು. ಚೈನ್ ಹೊಸದು, ಹಲ್ಲಿನ ಚಕ್ರ ಹೊಸದು, ಅಳತೆ ಎಂದಿನದೇ. "ನನ್ ಕೈ ಕೆಟ್ಟೋಯ್ತೇನೋ?" ಎಂದು ವಾರವೆಲ್ಲ ತನ್ನ ಬೆರಳುಗಳನ್ನೇ ನೋಡಿಕೊಂಡಳು.

ಮುಂದಿನ ರೇಸಿನ ಬೆಳಿಗ್ಗೆ ಅಕ್ಕ ಅದೇ ಗಾಡಿಯ ಪಕ್ಕ ಮಂಡಿಯೂರಿದ್ದಳು, ಮಗಳು ಹೆಲ್ಮೆಟ್ ಹಿಡಿದು ಅಲ್ಲೇ ನಿಂತಿದ್ದಳು. ಓಟಕ್ಕೆ ಇನ್ನು ಅರ್ಧ ಗಂಟೆ. ಮೈದಾನದ ತುಂಬ ಧೂಳು, ಪೆಟ್ರೋಲ್ ವಾಸನೆ, ಇಂಜಿನ್ನುಗಳ ಗದ್ದಲ.

"ಗುಂಡಾ, ಕೂತ್ಕೊ" ಎಂದಳು.

ಕೂತೆ. ಕಿರ್ ಎನ್ನಲಿಲ್ಲ. ಎದ್ದು ಇನ್ನೊಮ್ಮೆ ಕುಕ್ಕರಿಸಿದೆ. ಊಹೂಂ! ಆಗ ಗೊತ್ತಾಯಿತು. ಆರು ತಿಂಗಳ ಹಿಂದೆ ಡಾಕ್ಟರು ತೂಕ ಇಳಿಸದಿದ್ದರೆ ಹೃದಯ ಕೈಕೊಡುತ್ತದೆ ಎಂದಿದ್ದರು. ನಡೆದೂ ನಡೆದೂ, ಅರ್ಧ ಹೊಟ್ಟೆ ಉಂಡು, ಹದಿನಾರು ಕಿಲೋ ಇಳಿಸಿದ್ದೆ. ಅಕ್ಕನಿಗೆ ಹೇಳಿರಲಿಲ್ಲ. ದೊಗಲೆ ಅಂಗಿ ಹಾಕಿಕೊಂಡು ಓಡಾಡುತ್ತಿದ್ದೆ. ಭಾರವಿಲ್ಲದ ತಮ್ಮ ಆ ಶೆಡ್ಡಿನಲ್ಲಿ ಯಾರಿಗೆ ಬೇಕು? ಅದೇ ನನ್ನ ಭಯ. ಆದರೆ ನಾನು ಹಗುರಾದರೆ ಗಾಡಿ ಸಾಕಷ್ಟು ಕುಗ್ಗದೆ, ಅಕ್ಕನ ಎರಡು ಬೆರಳಿನ ಅಳತೆ ತಪ್ಪಿ ಚೈನ್ ತುಂಡಾಗುತ್ತದೆಂದು ಈ ಮಂಡೆಗೆ ಹೊಳೆದಿರಲೇ ಇಲ್ಲ.

"ಯಾಕೋ, ಮುಖ ಹುಳ್ಳಗೆ ಮಾಡ್ಕೊಂಡೆ?" ಎಂದಳು ಅಕ್ಕ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಹೊಟ್ಟೆ ಮುಟ್ಟಿಕೊಂಡೆ. "ಅಕ್ಕಾ, ಬೋಲ್ಟ್ ಬಿಗಿ ಮಾಡ್ಬೇಡ. ನಾನು ಹದಿನಾರು ಕಿಲೋ ಇಳ್ದಿದೀನಿ. ಡಾಕ್ಟ್ರು ಹೇಳಿದ್ರು. ಆವತ್ತು ಚೈನ್ ಹೋಗಿದ್ದು ನನ್ನಿಂದ."

ಅಕ್ಕ ಸ್ಪ್ಯಾನರ್ ಎತ್ತಿದಳು. ತಲೆಗೇ ಬಿತ್ತೆಂದು ಕಣ್ಣು ಮುಚ್ಚಿದೆ.

"ಬೆಪ್ಪುತಕ್ಕಡೀ! ಬಾಯ್ಬಿಟ್ಟು ಹೇಳೋಕೆ ಏನಾಗಿತ್ತೋ ದಾಡಿ?" ಎಂದು ಕಿರುಚಿದಳು. ಮರುಕ್ಷಣವೇ ಗ್ರೀಸು ಮೆತ್ತಿದ ಎರಡೂ ಕೈಗಳಿಂದ ನನ್ನ ಕೆನ್ನೆ ಹಿಡಿದು ಗಟ್ಟಿಯಾಗಿ ನಕ್ಕಳು. "ಅಂದ್ರೆ ನನ್ ಕೈ ಕೆಟ್ಟಿಲ್ಲ! ಕೇಳಿಸ್ತಾ ಮಗಳೇ, ನಿಮ್ಮಮ್ಮನ ಕೈ ಕೆಟ್ಟಿಲ್ಲ!"

ಆಮೇಲೆ ನೋಡಬೇಕಿತ್ತು ಅವಳ ಓಡಾಟ! ಟೂಲ್ ಡಬ್ಬಿಯನ್ನು ನನ್ನ ತೊಡೆಯ ಮೇಲೆ ಕುಕ್ಕಿದಳು. ಸಾಲದೆಂದು ಅದರ ಮೇಲೆ ಸುತ್ತಿಗೆ ಇಟ್ಟಳು. ಕಿರ್ರ್ರ್! ಆ ಸದ್ದು ನನ್ನ ಕಿವಿಗೆ ಹಾಲು ಕುಡಿದಷ್ಟು ಹಿತವಾಯಿತು. ಅಕ್ಕ ಚೈನ್ ಅಲ್ಲಾಡಿಸಿದರೆ ಒಂದು ಬೆರಳೂ ಆಡಲಿಲ್ಲ. ಹಿಂದಿನ ಚಕ್ರಗಳ ಆಕ್ಸಲ್ ಕೂತಿರುವ ದುಂಡನೆಯ ಹೌಸಿಂಗನ್ನು ಕೂದಲೆಳೆಯಷ್ಟು ತಿರುಗಿಸಿದಳು, ಆಕ್ಸಲ್ ಮುಂದೆ ಸರಿಯಿತು, ಚೈನ್ ಸಡಿಲಾಯಿತು. ಚೈನ್ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಲ್ಲ, ಅತಿ ಬಿಗಿಯಾದ ಜಾಗ ಹುಡುಕಲು ಅಮ್ಮ ಮಗಳು ಸೇರಿ ಗಾಡಿಯನ್ನು ನನ್ನ ಸಮೇತ ಹಿಂದೆ ಮುಂದೆ ತಳ್ಳಿದರು. "ಮಾವಾ, ಇನ್ನೂ ಏನ್ ಕಮ್ಮಿ ಭಾರ ಇಲ್ಲ ಬಿಡು!" ಎಂದು ಹುಡುಗಿ ಏದುಸಿರು ಬಿಟ್ಟಳು. ಕೊನೆಗೆ ಚೈನ್ ಅಕ್ಕನ ಎರಡು ಬೆರಳಿನಷ್ಟು ಆಡಿತು. ಬೋಲ್ಟ್ ಬಿಗಿಯಿತು.

ಹನ್ನೆರಡು ಸುತ್ತು. ನಾನು ಬೇಲಿ ಹಿಡಿದು ನಿಂತಿದ್ದೆ, ಅಕ್ಕ ನನ್ನ ತೋಳು ಹಿಡಿದಿದ್ದಳು. ಕೊನೆಯ ಸುತ್ತಿನಲ್ಲಿ ದೊಡ್ಡ ದಿಬ್ಬ ಬಂತು. ಹುಡುಗಿ ಹಾರಿದಳು. ಗಾಡಿ ನೆಲಕ್ಕೆ ಬಿದ್ದು ಕುಗ್ಗಿತು. ಅಕ್ಕನ ಉಗುರು ನನ್ನ ತೋಳಿಗೆ ನಾಟಿತು. ಚೈನ್ ತಡೆದುಕೊಂಡಿತು! ಅರ್ಧ ಗಾಡಿಯಷ್ಟು ಮುಂದಾಗಿ ಅವಳೇ ಮೊದಲು ಗೆರೆ ದಾಟಿದಳು. ನಾನು ಕುಣಿದೆ. ಆರು ತಿಂಗಳ ಹಿಂದೆ ಹಾಗೆ ಕುಣಿದಿದ್ದರೆ ಅಲ್ಲೇ ಸತ್ತಿರುತ್ತಿದ್ದೆ. ಯಜಮಾನ ಓಡಿಬಂದು ಅಕ್ಕನ ಕೈ ಕುಲುಕಿದ, ಅವನ ಬಿಳಿ ಅಂಗಿಗೆಲ್ಲ ಗ್ರೀಸು.

ಮುಂದಿನ ಭಾನುವಾರ ಹೋಗಲೋ ಬೇಡವೋ ಎಂದು ಅನುಮಾನಿಸುತ್ತಲೇ ಹೋದೆ. ಗಾಡಿಯ ಪಕ್ಕ ಒಂದು ಮರಳಿನ ಚೀಲವಿತ್ತು. ಅದರ ಮೇಲೆ ಅಕ್ಕನ ಸೊಟ್ಟ ಅಕ್ಷರದಲ್ಲಿ "೧೬" ಎಂದು ಬರೆದಿತ್ತು. ಅದರ ಪಕ್ಕ ಇನ್ನೊಂದು ಚೀಲ, ಖಾಲಿ.

"ಇದ್ಯಾಕೆ?" ಎಂದೆ.

"ಇನ್ನೂ ಇಳೀತೀಯಲ್ಲ, ಅದಕ್ಕೆ. ಮರಳು ನಾನು ತುಂಬ್ಕೋತೀನಿ" ಎಂದಳು ಅಕ್ಕ. "ಈಗ ಕೂತ್ಕೊ."